ಒಂದು ಗೇಣು ನಾಲ್ಕು ಬೆರಳು: ನಮೀಬಿಯಾದ ಫಾರ್ಮಿನಲ್ಲಿ ಆರು ದಿನಗಳ ಬೇಟೆ

2024ರ ಜೂನ್ ತಿಂಗಳಲ್ಲಿ ನಾನು ನಮೀಬಿಯಾದ ಪೂರ್ವಕ್ಕಿರುವ ಒಮಾಹೆಕೆ ಪ್ರಾಂತ್ಯದ ಒಂದು ಖಾಸಗಿ ಫಾರ್ಮಿನಲ್ಲಿ ಆರು ದಿನ ಉಳಿದು, ಅಲ್ಲಿನ ಮಾರ್ಗದರ್ಶಕರೊಂದಿಗೆ ಮೂರು ಪ್ರಾಣಿಗಳನ್ನು ಬೇಟೆಯಾಡಿದೆ: ಸ್ಪ್ರಿಂಗ್‌ಬಾಕ್ ಎಂಬ ಒಂದು ಸಣ್ಣ ಹುಲ್ಲೆ, ಜೆಮ್ಸ್‌ಬಾಕ್ ಎಂಬ ಒಂದು ದೊಡ್ಡ ಹುಲ್ಲೆ, ವಾರ್ಟ್‌ಹಾಗ್ ಎಂಬ ಒಂದು ಕಾಡುಹಂದಿ. ಮೂರರಲ್ಲಿ ಎರಡು ನೆಟ್ಟಗೆ ನಡೆದವು, ಒಂದನ್ನು ನಾನು ಕೆಡಿಸಿದೆ. ಈ ಬರಹದ ಹೆಚ್ಚಿನ ಪಾಲು ಆ ಕೆಟ್ಟ ಒಂದರ ಕುರಿತೇ ಇದೆ, ಏಕೆಂದರೆ ಮಾರ್ಗದರ್ಶಕರಿರುವ ಬೇಟೆ ಎಂದರೇನು ಎಂಬುದು ನನಗೆ ಅರ್ಥವಾದದ್ದು ಆ ದಿನವೇ.

ನಾನು ಕೊಡಗಿನವನು, ಕೆಲಸದ ಕಾರಣ ಆರು ವರ್ಷಗಳಿಂದ ಜೋಹಾನ್ಸ್‌ಬರ್ಗ್‌ನಲ್ಲಿದ್ದೇನೆ. ನಮ್ಮ ಮನೆಯಲ್ಲಿ ಕೋವಿ ಇದ್ದೇ ಇತ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಊರಿನಲ್ಲಿ ಬೆಳೆದವನಿಗೆ ಕೋವಿಯ ಸದ್ದು ಹೊಸದಲ್ಲ. ಸೆಪ್ಟೆಂಬರ್ ಮೊದಲ ವಾರ ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಬಂದರೆ ಕೋವಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದು ನಾನು ಹದಿನೈದನೆಯ ವಯಸ್ಸಿನಿಂದಲೂ ಮಾಡಿದ ಕೆಲಸ. ಆದರೆ ಬೇಟೆ ನನಗೆ ಅಜ್ಜನ ಬಾಯಿಂದ ಕೇಳಿದ ಕಥೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿದವರು ನಾವು. ಕಾಡುಹಂದಿಯ ಹಿಂದೆ ಹೋದವರ ಕೋವಿ ಗೋಡೆಯ ಮೇಲಿತ್ತು, ಅದರ ಬಳಕೆ ತೆಂಗಿನಕಾಯಿಗೆ ನಿಂತಿತ್ತು. ಹಾಗಾಗಿ ಗುರಿ ನನಗೆ ಗೊತ್ತು ಎಂಬ ಒಂದು ಸಣ್ಣ ಅಹಂಕಾರ ಹೊತ್ತುಕೊಂಡೇ ಹೋಗಿದ್ದೆ. ತೆಂಗಿನಕಾಯಿ ಓಡಿಹೋಗುವುದಿಲ್ಲ, ಗುಂಡು ಅದರ ಯಾವ ಭಾಗಕ್ಕೆ ತಾಗಿದರೂ ಸರಿಯೇ ಎಂಬುದನ್ನು ಆಗ ಯೋಚಿಸಿರಲಿಲ್ಲ.

ನಮ್ಮವರು ಕೇಳುವ ಮೊದಲ ಪ್ರಶ್ನೆ, ಅಲ್ಲಿ ಇದು ಕಾನೂನುಬದ್ಧವೇ ಎಂಬುದು. ಹೌದು, ಮತ್ತು ಅದರ ಹಿಂದೆ ಒಂದು ಲೆಕ್ಕಾಚಾರವಿದೆ. ಅರುವತ್ತರ ದಶಕದ ಕೊನೆಯಲ್ಲಿ, ಆಗ ದಕ್ಷಿಣ ಆಫ್ರಿಕಾದ ಆಡಳಿತದಲ್ಲಿದ್ದ ಈ ನಾಡಿನಲ್ಲಿ, ಜಮೀನಿನ ಮೇಲಿರುವ ಕೆಲವು ಬೇಟೆಪ್ರಾಣಿಗಳ ಹಕ್ಕನ್ನು ಜಮೀನುದಾರರಿಗೆ ಕೊಡಲಾಯಿತು; 1975ರ ಪ್ರಕೃತಿ ಸಂರಕ್ಷಣಾ ಶಾಸನ ಅದನ್ನು ಗಟ್ಟಿಗೊಳಿಸಿತು. ಅಲ್ಲಿಯವರೆಗೆ ಹಸುವಿನ ಹುಲ್ಲು ತಿನ್ನುವ ಪಿಡುಗೆಂದು ಓಡಿಸುತ್ತಿದ್ದ ಜೆಮ್ಸ್‌ಬಾಕ್‌ಗೆ ಒಮ್ಮೆಲೇ ಬೆಲೆ ಬಂತು. ಸ್ವಾತಂತ್ರ್ಯಾನಂತರ, 1996ರಲ್ಲಿ, ಇದೇ ಬಗೆಯ ಹಕ್ಕನ್ನು ಸಮುದಾಯಗಳ ಜಮೀನಿಗೂ ವಿಸ್ತರಿಸಿದರು. ಈ ವ್ಯವಸ್ಥೆಯನ್ನು ಒಪ್ಪದವರ ವಾದವೂ ನನಗೆ ಗೊತ್ತು; ಬೆಲೆ ಇದ್ದರೆ ಮಾತ್ರ ಬದುಕು ಎನ್ನುವುದು ಪ್ರಾಣಿಗೆ ಒಳ್ಳೆಯ ನ್ಯಾಯವೇನಲ್ಲ. ಆದರೂ ಆ ಫಾರ್ಮಿನಲ್ಲಿ ಹಸುವಿಗಿಂತ ಹೆಚ್ಚು ಕಾಡುಪ್ರಾಣಿ ಕಂಡದ್ದು ನಿಜ.

ನಿಯಮಗಳು ಬಿಗಿಯಾಗಿವೆ. ಹಂಗಾಮು ಫೆಬ್ರವರಿ 1ರಿಂದ ನವೆಂಬರ್ 30ರವರೆಗೆ. ವಿದೇಶಿಯರು ನೋಂದಾಯಿತ ಬೇಟೆ ಮಾರ್ಗದರ್ಶಕರ ಜೊತೆಗಲ್ಲದೆ ಬೇಟೆಯಾಡುವಂತಿಲ್ಲ. ಪರವಾನಗಿಯಲ್ಲಿ ನನ್ನ ಹೆಸರು, ಫಾರ್ಮಿನ ಹೆಸರು, ಪ್ರಾಣಿಯ ಹೆಸರು ಮೊದಲೇ ನಮೂದಾಗಿರಬೇಕು. ರಾತ್ರಿ ಬೇಟೆ ಇಲ್ಲ. ರೈಫಲ್ಲಿನ ಶಕ್ತಿಗೂ ಕನಿಷ್ಠ ಮಿತಿ ಇದೆ: ಸ್ಪ್ರಿಂಗ್‌ಬಾಕ್‌ನಂಥ ಸಣ್ಣ ಪ್ರಾಣಿಗೆ 1,350 ಜೂಲ್, ಜೆಮ್ಸ್‌ಬಾಕ್, ಕುಡು ಮುಂತಾದ ದೊಡ್ಡ ಹುಲ್ಲೆಗಳಿಗೆ 2,700, ಕಾಡೆಮ್ಮೆ, ಆನೆಯಂಥವುಗಳಿಗೆ 5,400. ನನ್ನದೇ ರೈಫಲ್ ಒಯ್ಯುವ ಕಾಗದಪತ್ರಗಳ ಗೋಜಿಗೆ ಹೋಗದೆ ಫಾರ್ಮಿನ ರೈಫಲ್ಲನ್ನೇ ಬಾಡಿಗೆಗೆ ಪಡೆದೆ, ಅದು .30-06 ಅಳತೆಯದು, ಗುಂಡು 180 ಗ್ರೇನ್ (ಸುಮಾರು 12 ಗ್ರಾಂ) ತೂಕದ್ದು, ಸುಮಾರು 3,800 ಜೂಲ್ ಕೊಡುವಂಥದ್ದು. ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಪರಿಚಯದ ಕೋವಿ ಇಲ್ಲದ ಕೊರತೆಯನ್ನು ಅರ್ಧ ದಿನದ ಅಭ್ಯಾಸ ತುಂಬುತ್ತದೆ, ವಿಮಾನ ನಿಲ್ದಾಣದಲ್ಲಿ ಕಳೆದ ಅರ್ಧ ದಿನವನ್ನು ಯಾರೂ ಮರಳಿ ಕೊಡುವುದಿಲ್ಲ.

ಖರ್ಚು ಎರಡು ಭಾಗ. ಊಟ, ವಸತಿ, ಮಾರ್ಗದರ್ಶಕರು, ವಾಹನ ಎಲ್ಲ ಸೇರಿ ದಿನಕ್ಕಿಷ್ಟು; ಅದರ ಮೇಲೆ ಬಿದ್ದ ಪ್ರಾಣಿಗೆ ಒಂದೊಂದಕ್ಕೆ ಇಷ್ಟು. ಮಾಂಸ ಫಾರ್ಮಿಗೆ ಸೇರುತ್ತದೆ, ಕೊಂಬು ಚರ್ಮ ಬೇಟೆಗಾರನದು. ಸಹಿ ಹಾಕುವ ಮುನ್ನ ಮಾಲೀಕರು ಒಂದು ಸಾಲನ್ನು ಬೆರಳಿಟ್ಟು ತೋರಿಸಿದರು: ಪ್ರಾಣಿಗೆ ಗಾಯವಾಗಿ ಅದು ಸಿಗದೆ ಹೋದರೂ ಪೂರ್ತಿ ಹಣ ಕೊಡಬೇಕು. ಒಂದು ಹನಿ ರಕ್ತ ಬಿದ್ದರೆ ಅದು ನಿಮ್ಮದು ಎಂದರು. ಆಫ್ರಿಕಾದ ದಕ್ಷಿಣ ಭಾಗದಲ್ಲೆಲ್ಲ ಇದೇ ವಾಡಿಕೆಯಂತೆ. ನ್ಯಾಯವಾದ ಸಾಲು ಎಂದು ಸಹಿ ಮಾಡಿದೆ, ನನಗದು ಅನ್ವಯಿಸುವುದಿಲ್ಲ ಎಂಬ ಭರವಸೆಯಿಂದ.

ಆ ವರ್ಷ ಭೀಕರ ಬರ. ಮೇ ತಿಂಗಳಲ್ಲೇ ಸರಕಾರ ತುರ್ತುಪರಿಸ್ಥಿತಿ ಘೋಷಿಸಿತ್ತು. ಮುಂದೆ ಆಗಸ್ಟ್‌ನಲ್ಲಿ 723 ಕಾಡುಪ್ರಾಣಿಗಳನ್ನು ಕೊಂದು ಮಾಂಸವನ್ನು ಜನರಿಗೆ ಹಂಚುವ ನಿರ್ಧಾರವೂ ಆಯಿತು. ಕಲಹರಿಯ ಆ ಕೆಂಪು ಮರಳಿನ ನೆಲದಲ್ಲಿ ಹುಲ್ಲು ಇದ್ದ ಕಡೆ ಬರೀ ಬೇರು ಉಳಿದಿತ್ತು, ಮುಳ್ಳಿನ ಪೊದೆಗಳು ಕಡ್ಡಿಕಡ್ಡಿಯಾಗಿ ನಿಂತಿದ್ದವು. ಮಳೆಯಿಲ್ಲದಿದ್ದರೆ ವರ್ಷಾಂತ್ಯಕ್ಕೆ ಹೇಗೂ ಸಾಯುವ ಮುದಿ ಪ್ರಾಣಿಗಳನ್ನು ಮಾತ್ರ ಹೊಡೆಸುತ್ತೇನೆ, ಅದರ ಕೊಂಬು ಚೆನ್ನಾಗಿಲ್ಲವೆಂದು ಆಮೇಲೆ ಗೊಣಗಬೇಡಿ ಎಂದು ಮಾಲೀಕರು ಮೊದಲ ರಾತ್ರಿಯೇ ಹೇಳಿದರು. ಕೊಂಬು ನನಗೆ ಬೇಡವೇ ಬೇಡ ಎಂದಾಗ ಅವರಿಗೆ ಸ್ವಲ್ಪ ಆಶ್ಚರ್ಯವಾದಂತೆ ಕಂಡಿತು.

ಮಾಲೀಕರು ಜರ್ಮನ್ ಮೂಲದವರು, ಮೂರನೆಯ ತಲೆಮಾರು. ಜಾಡು ಹಿಡಿಯುವವರು ಕಲಹರಿಯ ಮೂಲನಿವಾಸಿಗಳಾದ ಸಾನ್ ಜನಾಂಗದ ಒಬ್ಬ ಹಿರಿಯರು, ಅರುವತ್ತು ದಾಟಿದವರು, ನನ್ನ ಭುಜದೆತ್ತರದ ಸಣಕಲು ದೇಹ. ಅವರಿಬ್ಬರೂ ಆಫ್ರಿಕಾನ್ಸ್‌ನಲ್ಲಿ ಮಾತಾಡುತ್ತಿದ್ದರು. ನನ್ನೊಡನೆ ಆ ಹಿರಿಯರ ಮಾತೆಲ್ಲ ಕೈಯಲ್ಲಿ. 1904ರಲ್ಲಿ ವಾಟರ್‌ಬರ್ಗ್ ಕದನದ ನಂತರ ಜರ್ಮನ್ ಸೇನೆ ಹೆರೆರೊ ಜನರನ್ನು ನೀರಿಲ್ಲದೆ ಸಾಯಲು ಅಟ್ಟಿದ್ದು ಇದೇ ಒಮಾಹೆಕೆಗೆ. ಆ ನೆಲದ ಮೇಲೆ ದುಡ್ಡು ಕೊಟ್ಟು ಬೇಟೆಗೆ ಬಂದವನಿಗೆ ಇದು ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ. ಮೇಜಿನ ಮೇಲೆ ಮಾತ್ರ ಈ ವಿಷಯ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೊದಲ ದಿನ ಮಧ್ಯಾಹ್ನ ರಟ್ಟಿನ ಹಲಗೆಗೆ ನೂರು ಮೀಟರಿನಿಂದ ನಾಲ್ಕು ಗುಂಡು ಹಾರಿಸಿದೆ. ಮೊದಲ ಎರಡು ಬೆಂಚಿನ ಮೇಲಿಂದ, ಅವು ಒಂದಕ್ಕೊಂದು ಅಂಟಿಕೊಂಡೇ ಬಿದ್ದವು. ಉಳಿದೆರಡು ಮೂರು ಕಾಲಿನ ಕೋಲಿನ ಮೇಲೆ ರೈಫಲ್ ಇಟ್ಟು, ನಿಂತುಕೊಂಡು. ಅವು ಅಂಗೈಯಷ್ಟು ದೂರ ಸರಿದವು. ಮಾಲೀಕರು ಬೆಂಚಿನ ಗುಂಡುಗಳನ್ನು ನೋಡಲೇ ಇಲ್ಲ. ಕಾಡಿನಲ್ಲಿ ಬೆಂಚು ಇರುವುದಿಲ್ಲ, ಆದ್ದರಿಂದ ಹೊರಡುವ ಮುಂಚೆ ಮನೆಯ ಹತ್ತಿರದ ರೇಂಜಿನಲ್ಲಿ ಕೋಲಿನ ಮೇಲೆ ಅಭ್ಯಾಸ ಮಾಡದೆ ಬಂದದ್ದು ನನ್ನ ಮೊದಲ ತಪ್ಪು.

ಮರುದಿನ ಬೆಳಗ್ಗೆ ಸ್ಪ್ರಿಂಗ್‌ಬಾಕ್. ಜೂನ್ ಅಲ್ಲಿ ಚಳಿಗಾಲ. ಏಳೂಕಾಲು ದಾಟಿದ ಮೇಲೆ ಸೂರ್ಯ ಹುಟ್ಟುತ್ತದೆ, ಅಷ್ಟರವರೆಗೆ ಬೆರಳು ಮರಗಟ್ಟುವಷ್ಟು ಚಳಿ. ಹಿರಿಯರ ಕೈಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ, ಅದರೊಳಗೆ ಜರಡಿ ಹಿಡಿದ ಬೂದಿ. ಹತ್ತು ಹೆಜ್ಜೆಗೊಮ್ಮೆ ಅದನ್ನು ಅದುಮಿದರೆ ವಿಭೂತಿಯಂಥ ಎಳೆ ಹೊರಬಂದು ಗಾಳಿ ಎತ್ತ ಬೀಸುತ್ತಿದೆ ಎಂದು ತೋರಿಸುತ್ತದೆ. ಅದು ನಮ್ಮ ಮುಖದ ಕಡೆ ಬಂದರೆ ಮುಂದೆ, ಬೆನ್ನ ಕಡೆಯಿಂದ ಹೋದರೆ ಸುತ್ತಿ ಬರಬೇಕು. ಒಂದೂವರೆ ಗಂಟೆ ಹೀಗೆ ಸುತ್ತಿ, ಕೊನೆಗೆ 120 ಮೀಟರ್ ದೂರದಲ್ಲಿ ಪೂರ್ತಿ ಅಡ್ಡಲಾಗಿ ನಿಂತ ಒಂದು ಮುದಿ ಗಂಡಿಗೆ ಗುರಿಯಿಟ್ಟೆ. ಮುಂಗಾಲಿನ ಹಿಂದಿನ ಅಂಚನ್ನೇ ಹಿಡಿದು ಮೇಲೇರಿ, ದೇಹದ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ನಿಲ್ಲಿ ಎಂಬ ಪಾಠದಂತೆಯೇ ಹೊಡೆದೆ. ಅದು ನಿಂತಲ್ಲೇ ಕುಸಿಯಿತು. ನಾವು ಹತ್ತಿರ ಹೋಗುವಷ್ಟರಲ್ಲಿ ಅದರ ಬೆನ್ನಿನ ಹಿಂಭಾಗದ ಚರ್ಮದ ಮಡಿಕೆ ನಿಧಾನವಾಗಿ ಬಿಚ್ಚಿಕೊಂಡು, ಒಳಗಿದ್ದ ಉದ್ದನೆಯ ಬಿಳಿ ಕೂದಲು ಬೀಸಣಿಗೆಯಂತೆ ಎದ್ದು ನಿಂತಿತು. ಹಿರಿಯರು ನನ್ನ ಕತ್ತಿನ ಹಿಂಬದಿ ಹಿಡಿದು ಮೂಗನ್ನು ಆ ಬಿಳುಪಿನ ಹತ್ತಿರ ಬಗ್ಗಿಸಿದರು. ಜೇನಿನ ವಾಸನೆ. ಕೆಲವು ನಿಮಿಷ ಇದ್ದು ಹೋಯಿತು. ನನಗೆ ಸಂತೋಷವಾಯಿತೋ ಸಂಕಟವಾಯಿತೋ ಎಂದು ಹೇಳಲಾರೆ, ಎರಡೂ ಒಟ್ಟಿಗೇ ಇದ್ದವು.

ಮೂರನೆಯ ದಿನ ಜೆಮ್ಸ್‌ಬಾಕ್ ಹುಡುಕಿ ಹದಿನಾರು ಕಿಲೋಮೀಟರ್ ನಡೆದೆವು. ಏಳು ಸಲ ಗುಂಪು ಕಂಡಿತು, ಮೂರು ಸಲ ರೈಫಲ್ ಕೋಲಿನ ಮೇಲೇರಿತು, ಮೂರು ಸಲವೂ ಮಾಲೀಕರು ತಲೆಯಾಡಿಸಿ ಇಳಿಸಿದರು. ಒಂದು ಸಲ ಹಿಂದೆ ಕರು ಇತ್ತು, ಮತ್ತೊಂದು ಸಲ ಪ್ರಾಣಿ ಎಳೆಯದು, ಮೂರನೆಯ ಸಲ ಒಂದರ ಹಿಂದೆ ಇನ್ನೊಂದು ನಿಂತಿತ್ತು, ಗುಂಡು ಎರಡನ್ನೂ ತಾಗುವಂತಿತ್ತು. ಈ ಪ್ರಾಣಿಯಲ್ಲಿ ಗಂಡು ಹೆಣ್ಣು ಎರಡಕ್ಕೂ ನೆಟ್ಟನೆಯ ಈಟಿಯಂಥ ಕೊಂಬುಗಳಿರುತ್ತವೆ. ಹೆಣ್ಣಿನದು ತೆಳ್ಳಗೆ, ಉದ್ದ, ಗಂಡಿನದು ಬುಡದಲ್ಲಿ ದಪ್ಪ. ನಮೀಬಿಯಾದ ರಾಷ್ಟ್ರಲಾಂಛನದ ಎರಡು ಬದಿಗೆ ನಿಂತಿರುವುದು ಇದೇ. ಸಂಜೆ ಬೆಂಕಿಯ ಸುತ್ತ ಕೂತಾಗ ನನಗೆ ಬೇಸರವಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಆ ಬೇಸರವೇ ಮರುದಿನ ಬೆರಳಿಗೆ ಇಳಿಯಿತು.

ನಾಲ್ಕನೆಯ ದಿನ ಹನ್ನೊಂದು ಗಂಟೆಗೆ, 140 ಮೀಟರ್ ಆಚೆ ಒಂಟೆಮುಳ್ಳಿನ ಮರದ ನೆರಳಿನಲ್ಲಿ, ಗುಂಪಿನಿಂದ ಬೇರೆಯಾಗಿ ಒಂದು ಮುದಿ ಹೆಣ್ಣು ನಿಂತಿತ್ತು. ಒಂದು ಕೊಂಬಿನ ತುದಿ ಮುರಿದಿತ್ತು, ಪಕ್ಕೆಲುಬು ಎಣಿಸುವಂತಿತ್ತು. ಇದೇ, ಎಂದರು ಮಾಲೀಕರು; ಜೊತೆಗೆ, ಪೂರ್ತಿ ಅಡ್ಡ ತಿರುಗುವವರೆಗೆ ಕಾಯಿರಿ ಎಂದರು. ಅದು ಅಡ್ಡವಾಗಿರಲಿಲ್ಲ. ಎದೆ ಸ್ವಲ್ಪ ನಮ್ಮ ಕಡೆಗೇ ಓರೆಯಾಗಿ ತಿರುಗಿತ್ತು. ರೈಫಲ್ಲಿನ ದುರ್ಬೀನಿನ ಗಾಜಿನಲ್ಲಿ ಅದರ ಮುಖದ ಕಪ್ಪು ಬಿಳಿ ಪಟ್ಟೆ, ಆಡಿಸುತ್ತಿದ್ದ ಕಿವಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ನನ್ನ ಎದೆಬಡಿತಕ್ಕೆ ಗುರಿಯ ಗೆರೆ ಕುಣಿಯುತ್ತಿತ್ತು. ಇನ್ನೊಂದು ಕ್ಷಣ ತಡೆದರೆ ಹೋಗಿಬಿಡುತ್ತದೆ ಎನ್ನಿಸಿತು. ಸ್ಪ್ರಿಂಗ್‌ಬಾಕ್‌ಗೆ ಇಟ್ಟಂತೆಯೇ ಮುಂಗಾಲಿನ ಹಿಂದೆ ಗುರಿಯಿಟ್ಟು, ಅವರು ಹೇಳುವ ಮೊದಲೇ ಹೊಡೆದೆ.

ಆ ಗುರಿ ಅಡ್ಡ ನಿಂತ ಪ್ರಾಣಿಗೆ ಸರಿ. ಎದೆ ನಮ್ಮ ಕಡೆ ಓರೆಯಾಗಿರುವಾಗ ಹತ್ತಿರದ ಭುಜಕ್ಕೇ ಇಡಬೇಕು. ಭುಜದ ಹಿಂದೆ ಇಟ್ಟರೆ ಗುಂಡು ಹೃದಯ ಶ್ವಾಸಕೋಶಗಳನ್ನು ಬಿಟ್ಟು ಓರೆಯಾಗಿ ಹೊಟ್ಟೆಗೆ ಹೋಗುತ್ತದೆ. ಇದನ್ನು ಓದಿ ತಿಳಿದಿದ್ದೆ, ರಟ್ಟಿನ ಮೇಲೆ ಬಿಡಿಸಿ ತೋರಿಸಿದ್ದರು ಸಹ. ಎಲುಬಿಗೆ ತಾಗಿದರೆ ಬರುವ ಗಟ್ಟಿ ಸದ್ದಿನ ಬದಲು, ಒದ್ದೆ ಚೀಲಕ್ಕೆ ಹೊಡೆದಂಥ ಮಂದವಾದ ಒಂದು ಸದ್ದು ಮರಳಿ ಬಂತು. ಪ್ರಾಣಿ ಬೆನ್ನು ಗೂನು ಮಾಡಿ, ಓಡಿ, ಪೊದೆಗಳ ಹಿಂದೆ ಮರೆಯಾಯಿತು. ಹಿರಿಯರು ನನ್ನತ್ತ ನೋಡದೆ, ತಮ್ಮ ಹೊಟ್ಟೆಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿಕೊಂಡರು.

ಮಾಲೀಕರು ಗಡಿಯಾರ ನೋಡಿ, ಮುಕ್ಕಾಲು ಗಂಟೆ ಕೂರೋಣ ಎಂದರು. ಬೆನ್ನಟ್ಟಿದರೆ ಅದು ನೋವಿನಲ್ಲೇ ಹತ್ತಾರು ಕಿಲೋಮೀಟರ್ ಓಡುತ್ತದೆ. ಬಿಟ್ಟರೆ ಎಲ್ಲಾದರೂ ಮಲಗುತ್ತದೆ. ಬೈಯಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ನನ್ನ ಜೀವನದ ಅತಿ ದೀರ್ಘವಾದ ಮುಕ್ಕಾಲು ಗಂಟೆ ಅದು. ಬೈದಿದ್ದರೆ ಸ್ವಲ್ಪ ಬೇಗ ಕಳೆಯುತ್ತಿತ್ತೋ ಏನೋ.

ಅಲ್ಲಿಂದ ಮುಂದಿನ ನಾಲ್ಕೂವರೆ ಗಂಟೆ ಆ ಹಿರಿಯರದು. ಪ್ರಾಣಿ ನಿಂತಿದ್ದ ಜಾಗದಲ್ಲಿ ಅವರು ಮೊದಲು ಮಾಡಿದ್ದು ಮಂಡಿಯೂರಿ ಗೊರಸಿನ ಗುರುತನ್ನು ಓದಿಕೊಂಡದ್ದು: ಎಡ ಮುಂಗಾಲಿನ ಹೊರಗೊರಸಿನ ತುದಿಯಲ್ಲಿ ಉಗುರಿನಷ್ಟು ಚಕ್ಕೆ ಎದ್ದಿತ್ತು. ಬೆರಳಿನಿಂದ ಅದರ ಚಿತ್ರವನ್ನು ಪಕ್ಕದಲ್ಲೇ ಬರೆದು ನನಗೂ ತೋರಿಸಿದರು. ಹದಿನೈದು ಹೆಜ್ಜೆ ಮುಂದೆ ಒಂದು ಒಣಹುಲ್ಲಿನ ಕಡ್ಡಿ ಕಿತ್ತು ನನ್ನ ಮೂಗಿಗೆ ಹಿಡಿದರು. ಅದರ ಮೇಲೆ ಸಾಸಿವೆಯಷ್ಟು ಕಪ್ಪುಗೆಂಪು ಹನಿ, ಅದಕ್ಕಂಟಿದ ಹಸಿರು ಕಣ, ಕೊಟ್ಟಿಗೆಯ ವಾಸನೆ. ನೊರೆನೊರೆಯಾದ ಗುಲಾಬಿ ರಕ್ತವಾಗಿದ್ದರೆ ಶ್ವಾಸಕೋಶ, ಇನ್ನೂರು ಮೀಟರಿನೊಳಗೆ ಸಿಗುತ್ತಿತ್ತು. ಹಸಿರು ಎಂದರೆ ಹೊಟ್ಟೆ. ಅದಾದ ಮೇಲೆ ರಕ್ತವೇ ಸಿಗಲಿಲ್ಲ, ಬರೀ ಆ ಚಕ್ಕೆಯೆದ್ದ ಗೊರಸು. ಗುಂಪಿನ ಮೂವತ್ತು ಪ್ರಾಣಿಗಳ ತುಳಿತದ ನಡುವೆ ಅದು ಕಳೆದುಹೋದಾಗ ನಮ್ಮಿಬ್ಬರನ್ನೂ ಅಲ್ಲೇ ನಿಲ್ಲಿಸಿ, ಕೊನೆಯ ಗುರುತಿನ ಮೇಲೆ ಒಂದು ಕಡ್ಡಿ ನೆಟ್ಟು, ಅವರೊಬ್ಬರೇ ದೊಡ್ಡ ಸುತ್ತು ಹಾಕಿ ಬರುತ್ತಿದ್ದರು. ದೂರದಿಂದ ನಾಲಗೆಯ ಒಂದು ಸಣ್ಣ ಟಕ್ ಸದ್ದು ಕೇಳಿದರೆ ಸಿಕ್ಕಿತು ಎಂದರ್ಥ. ಎರಡು ಕಡೆ ಅದು ಮಲಗಿದ್ದ ಗುಳಿ ಸಿಕ್ಕಿತು. ಎರಡನೆಯ ಗುಳಿಯ ಮರಳನ್ನು ಅವರು ಹಿಂಗೈಯಿಂದ ಮುಟ್ಟಿ ನೋಡಿ, ಬೆರಳನ್ನು ತುಟಿಗಿಟ್ಟು ಸುಮ್ಮನಿರಲು ಹೇಳಿದರು.

ನಾಲ್ಕೂಕಾಲಕ್ಕೆ ಅದು ಕಂಡಿತು. ಎಂಬತ್ತು ಮೀಟರ್ ಆಚೆ, ತಲೆ ತಗ್ಗಿಸಿ, ನಿಂತೇ ಇತ್ತು. ಈ ಸಲ ಮಾಲೀಕರ ಕೈ ನನ್ನ ಭುಜದ ಮೇಲಿತ್ತು, ಆ ಕೈ ಒತ್ತಿದ ಮೇಲೆಯೇ ಹೊಡೆದೆ. ಕುಳಿತಿತು, ಬೀಳಲಿಲ್ಲ, ಇನ್ನೊಂದು ಬೇಕಾಯಿತು. ಬಿದ್ದ ಜೆಮ್ಸ್‌ಬಾಕ್ ಹತ್ತಿರ ಎದುರಿನಿಂದ ಹೋಗಬಾರದು, ಕೊನೆಯ ಉಸಿರಿನಲ್ಲೂ ಕೊಂಬು ಬೀಸಿ ಇರಿಯಬಲ್ಲದು. ಹಿಂದಿನಿಂದ ಹೋಗಿ, ಹಿರಿಯರು ಉದ್ದನೆಯ ಕೋಲಿನಿಂದ ಅದರ ಕಣ್ಣನ್ನು ಮುಟ್ಟಿದರು. ರೆಪ್ಪೆ ಅಲುಗಲಿಲ್ಲ. ಮಾಲೀಕರು ಒಂದು ಹಸಿರು ಚಿಗುರು ಹುಡುಕಿ, ಆ ಬರದಲ್ಲಿ ಅದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು, ಅದನ್ನು ಪ್ರಾಣಿಯ ಬಾಯಿಗಿಟ್ಟರು. ಕೊನೆಯ ತುತ್ತು ಎಂಬ ಜರ್ಮನ್ ಬೇಟೆಗಾರರ ಸಂಪ್ರದಾಯವದು. ಇನ್ನೊಂದು ಚಿಗುರನ್ನು ಬೇಟೆಗಾರನ ಟೋಪಿಗೆ ಸಿಕ್ಕಿಸುತ್ತಾರೆ. ಬೇಡ ಎಂದೆ. ಅವರು ಒತ್ತಾಯಿಸದೆ ಅದನ್ನು ಹಿರಿಯರ ಟೋಪಿಗೆ ಸಿಕ್ಕಿಸಿದರು, ಅದು ಸರಿಯಾದ ಟೋಪಿಯೇ ಆಗಿತ್ತು.

ರಾತ್ರಿ ದೀಪದ ಬೆಳಕಿನಲ್ಲಿ ಚರ್ಮ ಸುಲಿಯುವಾಗ ನಾನೂ ಹೋಗಿ ನಿಂತೆ. ಇದನ್ನು ತಪ್ಪಿಸಿಕೊಂಡು ಕೋಣೆಗೆ ಹೋಗುವ ಅತಿಥಿಗಳೇ ಹೆಚ್ಚಂತೆ. ಹೊಟ್ಟೆ ಒಡೆದಿದ್ದರಿಂದ ಪಕ್ಕೆಯ ಮಾಂಸದಲ್ಲಿ ಒಂದಷ್ಟನ್ನು ಕೊಯ್ದು ಎಸೆಯಬೇಕಾಯಿತು. ಬರದ ವರ್ಷದಲ್ಲಿ ಕೆಲಸಗಾರರ ಪಡಿತರಕ್ಕೆ ಹೋಗಬೇಕಿದ್ದ ಮಾಂಸ. ಉಳಿದದ್ದು ಸೀಳಾಗಿ, ಉಪ್ಪು, ವಿನೆಗರ್, ಕರಿಮೆಣಸು, ಹುರಿದ ಕೊತ್ತಂಬರಿ ಬೀಜ ಸವರಿಸಿಕೊಂಡು ಬಿಲ್ಟಾಂಗ್ ಎಂಬ ಒಣಮಾಂಸವಾಗಲು ತಂತಿಗೇರಿತು. ನಮ್ಮಲ್ಲಿ ಒಲೆಯ ಮೇಲೆ ಹೊಗೆಗೆ ಕಟ್ಟುತ್ತಿದ್ದರು, ಅವರು ಚಳಿಗಾಲದ ಒಣಗಾಳಿಗೆ ಕಟ್ಟುತ್ತಾರೆ. ಹಿರಿಯರು ಸುಲಿದ ಚರ್ಮವನ್ನು ನೆಲದ ಮೇಲೆ ಹರಡಿ, ಮೊದಲ ಗುಂಡಿನ ತೂತಿನಲ್ಲಿ ಕಿರುಬೆರಳಿಟ್ಟರು. ಅಲ್ಲಿಂದ ಹೆಬ್ಬೆರಳು ಚಾಚಿ ಒಂದು ಗೇಣು ಅಳೆದರು, ಅದರಾಚೆ ನಾಲ್ಕು ಬೆರಳು ಜೋಡಿಸಿಟ್ಟರು, ಆ ಜಾಗವನ್ನು ಎರಡು ಸಲ ತಟ್ಟಿದರು. ಭುಜದ ಮೇಲೆ ನಾನು ಇಡಬೇಕಿದ್ದ ಗುರಿ ಅದು. ಆಮೇಲೆ ಚರ್ಮಕ್ಕೆ ಉಪ್ಪು ತಿಕ್ಕಲು ಶುರುಮಾಡಿದರು.

ಐದನೆಯ ದಿನ ರೈಫಲ್ ಮುಟ್ಟುವ ಮನಸ್ಸೇ ಇರಲಿಲ್ಲ. ಮಾಲೀಕರೇ ಎಬ್ಬಿಸಿ ಕರೆದುಕೊಂಡು ಹೋದರು. ಹಾಗೇ ಹೊರಟುಹೋದರೆ ಮುಂದೆಂದೂ ಹೊಡೆಯಲಾರಿರಿ ಎಂದರು. ನೀರಿನ ತೊಟ್ಟಿಯ ಬಳಿ ಒಂದು ಮುದಿ ವಾರ್ಟ್‌ಹಾಗ್ ಬಂತು. ಅದು ಅಡ್ಡ ತಿರುಗುವವರೆಗೆ, ಗಡಿಯಾರದ ಪ್ರಕಾರ, ಹನ್ನೊಂದು ನಿಮಿಷ ಕಾದೆ. ಒಂದೇ ಗುಂಡು. ನನ್ನ ಚೀಲದಲ್ಲಿ ಅಮ್ಮ ಕಳಿಸಿದ್ದ ಕಾಚಂಪುಳಿಯ, ಅಂದರೆ ಕೊಡಗಿನ ಕಪ್ಪು ಹುಳಿರಸದ, ಸಣ್ಣ ಬಾಟಲಿ ಇತ್ತು, ಹುರಿದು ಪುಡಿ ಮಾಡಿದ ಮಸಾಲೆಯೂ ಇತ್ತು. ಅಂದು ಸಂಜೆ ಅವರ ಮೂರು ಕಾಲಿನ ಕಬ್ಬಿಣದ ಮಡಕೆಯಲ್ಲಿ ನಮ್ಮ ಹಂದಿಮಾಂಸದ ಸಾರು ಪಂದಿಕರಿ ಮಾಡಿದೆ. ವಾರ್ಟ್‌ಹಾಗ್‌ನಲ್ಲಿ ನಮ್ಮ ಹಂದಿಯ ಕೊಬ್ಬಿಲ್ಲ, ಹಾಗಾಗಿ ಬೇಯಲು ಮೂರು ಗಂಟೆ ಹಿಡಿಯಿತು, ಕುರಿಯ ಕೊಬ್ಬು ಸೇರಿಸಬೇಕಾಯಿತು. ಆದರೂ ಬಣ್ಣ ಬಂತು, ಹುಳಿ ಬಂತು. ಹಿರಿಯರು ತಟ್ಟೆ ಖಾಲಿ ಮಾಡಿ, ಕಾಚಂಪುಳಿಯ ಬಾಟಲಿಯನ್ನು ಮೂಸಿ ನೋಡಿ, ಮುಖ ಹಿಂಡಿ ನಕ್ಕರು.

ಕೊನೆಯ ಬೆಳಗ್ಗೆ ಲೆಕ್ಕ ಆಯಿತು. ಜಾಡು ಹಿಡಿದವರಿಗೂ ಚರ್ಮ ಸುಲಿದವರಿಗೂ ಇನಾಮನ್ನು ಲಕೋಟೆಯಲ್ಲಿಟ್ಟು ಕೈಗೇ ಕೊಡುವುದು ರೂಢಿ; ಜಾಡು ಹಿಡಿದವರ ಲಕೋಟೆಯನ್ನು ನಾನು ಅಂದುಕೊಂಡದ್ದಕ್ಕಿಂತ ದಪ್ಪ ಮಾಡಿದ್ದೆ. ಬಿಲ್ಲು ಒಂದೇ ಹಾಳೆಯಲ್ಲಿತ್ತು: ದಿನ ಆರು, ಪ್ರಾಣಿ ಮೂರು, ರೈಫಲ್ ಬಾಡಿಗೆ, ಕೊನೆಯ ಸಾಲಿನಲ್ಲಿ ತೋಟೆ ಒಂಬತ್ತು. ತೋಟೆಯ ಲೆಕ್ಕ ಸರಿಯೇ ಎಂದು ಮಾಲೀಕರು ಕೇಳಿದರು. ರಟ್ಟಿಗೆ ನಾಲ್ಕು, ಸ್ಪ್ರಿಂಗ್‌ಬಾಕ್‌ಗೆ ಒಂದು, ವಾರ್ಟ್‌ಹಾಗ್‌ಗೆ ಒಂದು, ಆ ಮುದಿ ಹೆಣ್ಣಿಗೆ ಮೂರು. ಸರಿಯಾಗಿದೆ ಎಂದು ಸಹಿ ಹಾಕಿದೆ.